ಅವರಿಗೆ ತಿಂದದ್ದು ಮೈಗೆ ಹತ್ತಲ್ಲ, ನಿಮಗೆ ಹತ್ತುತ್ತೆ: ಒಂದೇ ಮನೆಯಲ್ಲಿ ಇಬ್ಬರ ತಿಂಡಿ ಲೆಕ್ಕ ಹೇಗೆ?

ಜಯನಗರ: ಸಂಜೆ ಆರೂವರೆ. ನಾಲ್ಕನೇ ಬ್ಲಾಕ್‌ನ ಒಂದು ಕಾಂಡಿಮೆಂಟ್ಸ್ ಅಂಗಡಿ. ಗಂಡ ಕಾಲು ಕೆ.ಜಿ. ನಿಪ್ಪಟ್ಟು, ಕಾಲು ಕೆ.ಜಿ. ಖಾರದ ಅವಲಕ್ಕಿ ತೂಕ ಹಾಕಿಸ್ತಿದ್ದಾರೆ. ಹೆಂಡತಿ "ನಂಗೇನೂ ಬೇಡ" ಅಂತ ಹೇಳಿ ಪಕ್ಕದ ಹೂವಿನ ಬುಟ್ಟಿ ಹತ್ತಿರ ಹೋಗಿ ನಿಂತರು. ಅವರು ಹೋದ ಮೇಲೆ ಅಂಗಡಿಯವರು ನಗ್ತಾ ಹೇಳಿದರು: "ವಾರಕ್ಕೆ ಮೂರು ದಿನ ಇದೇ ಕಥೆ. ಸರ್ ತಗೋತಾರೆ, ಮೇಡಂ ಮುಖ ತಿರುಗಿಸ್ತಾರೆ. ಆದ್ರೆ ಸರ್ ನೋಡಿ, ಹಂಗೇ ಇದಾರೆ, ಕಡ್ಡಿ ಪೈಲ್ವಾನ್!"

ನನಗೆ ನಗು ಬರಲಿಲ್ಲ. ಬನಶಂಕರಿ ಎರಡನೇ ಹಂತದಲ್ಲಿರೋ ನಮ್ಮ ಮನೆಯಲ್ಲೂ ಎಷ್ಟೋ ವರ್ಷದಿಂದ ಇದೇ ನಡೀತಿದೆ. ಅಪ್ಪನಿಗೆ 54. ಕಾಫಿ ಜೊತೆ ಚಕ್ಕುಲಿ, ಟಿವಿ ಮುಂದೆ ಖಾರದ ಕಡಲೆಬೀಜ, ಮಲಗೋ ಮುಂಚೆ ಎರಡು ಬೆಣ್ಣೆ ಬಿಸ್ಕೆಟ್. ತೂಕ ಹತ್ತು ವರ್ಷದಿಂದ 62 ಕೆ.ಜಿ. ದಾಟಿಲ್ಲ. ಅಮ್ಮನಿಗೆ 49. ಬೆಳಿಗ್ಗೆ ರಾಗಿ ಗಂಜಿ, ರಾತ್ರಿ ಓಟ್ಸ್, ಮಧ್ಯೆ "ನಾನು ನೀರು ಕುಡಿದರೂ ದಪ್ಪ ಆಗ್ತೀನಿ" ಅನ್ನೋ ಮಾತು. ತೂಕ 71. ಹದಿನೈದು ದಿನ ಪಥ್ಯ ಮಾಡ್ತಾರೆ, ಹದಿನಾರನೇ ದಿನ ಅಪ್ಪನ ಡಬ್ಬ ತೆಗೆದು ಅರ್ಧ ಖಾಲಿ ಮಾಡ್ತಾರೆ, ಆಮೇಲೆ ಬೇಜಾರು.

ಇಂಥ ಮನೆಗಳಲ್ಲಿ ಆರೋಗ್ಯವಾಗಿ ತಿನ್ನೋದು ಹೇಗೆ ಅನ್ನೋದರ ಮಾಹಿತಿ ಇದು. ಡಯಟ್ ಚಾರ್ಟ್ ಅಲ್ಲ. ಅದನ್ನ ಬರೆಯೋಕೆ ಡಾಕ್ಟರು, ಡಯಟೀಷಿಯನ್ ಇದ್ದಾರೆ.

ಅನ್ಯಾಯ ಅನ್ನಿಸೋದರ ಹಿಂದೆ ಒಂದು ಲೆಕ್ಕ ಇದೆ

ಮೊದಲು ಒಂದು ಸರಳ ಸಂಖ್ಯೆ. ಹೈದರಾಬಾದಿನಲ್ಲಿರೋ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ (ಐಸಿಎಂಆರ್-ಎನ್‌ಐಎನ್) 2020ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ, ಕೂತು ಕೆಲಸ ಮಾಡೋ 65 ಕೆ.ಜಿ. ತೂಕದ ಗಂಡಸಿಗೆ ದಿನಕ್ಕೆ 2110 ಕ್ಯಾಲರಿ ಬೇಕು. ಕೂತು ಕೆಲಸ ಮಾಡೋ 55 ಕೆ.ಜಿ. ತೂಕದ ಹೆಂಗಸಿಗೆ 1660 ಸಾಕು. ವ್ಯತ್ಯಾಸ 450. ಗಂಡಸು ಓಡಾಡೋ ಕೆಲಸದವನಾದರೆ ಅವನ ಲೆಕ್ಕ 2710ಕ್ಕೆ ಹೋಗುತ್ತೆ, ವ್ಯತ್ಯಾಸ ಸಾವಿರ ದಾಟುತ್ತೆ.

ಎಣ್ಣೆಯಲ್ಲಿ ಕರಿದ ಮಿಕ್ಸ್ಚರ್, ಚಕ್ಕುಲಿ, ನಿಪ್ಪಟ್ಟು ಯಾವುದೇ ಇರಲಿ, 100 ಗ್ರಾಂಗೆ ಸುಮಾರು 500 ಕ್ಯಾಲರಿ. ಅಂದರೆ ಇಬ್ಬರೂ ಮೂರು ಹೊತ್ತು ಒಂದೇ ಅಳತೆ ಊಟ ಮಾಡಿದರೂ ಗಂಡನಿಗೆ 90 ಗ್ರಾಂ ಮಿಕ್ಸ್ಚರಿಗೆ ಜಾಗ ಉಳಿಯುತ್ತೆ, ಹೆಂಡತಿಗೆ ಉಳಿಯಲ್ಲ. ಇದರಲ್ಲಿ ಮನಸ್ಸು ಗಟ್ಟಿ ಇಲ್ಲ, ಬಾಯಿ ಕಟ್ಟೋಕೆ ಬರಲ್ಲ ಅನ್ನೋ ಮಾತೇ ಬರಲ್ಲ. ಕೆಲವು ಮನೆಗಳಲ್ಲಿ ಇದು ಉಲ್ಟಾ, ಹೆಂಡತಿ ಸಣ್ಣ, ಗಂಡ ದಪ್ಪ. ಅಲ್ಲಿ ಕಾರಣ ಎತ್ತರ, ವಯಸ್ಸು, ಸ್ನಾಯು, ಓಡಾಟ, ಹುಟ್ಟಿನಿಂದ ಬಂದ ಮೈಕಟ್ಟು ಯಾವುದಾದರೂ ಇರಬಹುದು.

ಓಡಾಟ ಅಂದರೆ ಜಿಮ್ ಅಲ್ಲ. 1999ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಜೇಮ್ಸ್ ಲೆವಿನ್ ಮತ್ತು ಸಂಗಡಿಗರು 16 ಜನಕ್ಕೆ ಎಂಟು ವಾರ ದಿನಾ 1000 ಕ್ಯಾಲರಿ ಜಾಸ್ತಿ ತಿನ್ನಿಸಿದರು. ಒಬ್ಬರಿಗೆ ಮೈಯಲ್ಲಿ ಸೇರಿದ ಕೊಬ್ಬು 0.36 ಕೆ.ಜಿ., ಇನ್ನೊಬ್ಬರಿಗೆ 4.23 ಕೆ.ಜಿ.! ತಿಂದ ಹೆಚ್ಚುವರಿ ಎಲ್ಲರಿಗೂ ಒಂದೇ. ಕಡಿಮೆ ಕೊಬ್ಬು ಸೇರಿದವರು ಗೊತ್ತಿಲ್ಲದೇ ಜಾಸ್ತಿ ಎದ್ದು ಕೂತು, ನಿಂತು, ಕೈಕಾಲು ಆಡಿಸಿ ಖರ್ಚು ಮಾಡಿದ್ದರು. ನಿಮ್ಮ ಮನೆಯ ಕಡ್ಡಿ ಪೈಲ್ವಾನನ್ನ ಒಂದು ದಿನ ಸುಮ್ಮನೆ ಗಮನಿಸಿ. ಫೋನ್ ಬಂದರೆ ಓಡಾಡ್ತಾನೇ ಮಾತಾಡ್ತಾರಾ? ಊಟದ ಮಧ್ಯೆ ಎರಡು ಸಲ ಎದ್ದು ಹೋಗ್ತಾರಾ? ಸಂಜೆ ನಿಪ್ಪಟ್ಟು ತಿಂದ ದಿನ ರಾತ್ರಿ ಒಂದು ಮುದ್ದೆ ಬದಲು ಅರ್ಧಕ್ಕೇ ಏಳ್ತಾರಾ? ಅವರು ಬಾಯಾಡಿಸೋದು ನಮಗೆ ಕಾಣುತ್ತೆ, ಬಿಡೋದು ಕಾಣಲ್ಲ.

ನಮ್ಮಪ್ಪ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ ಮಾಡೋರು. ಇಪ್ಪತ್ತು ವರ್ಷ ಏಣಿ ಹತ್ತಿ ಇಳಿದು, ಪೈಪು ಪೇಂಟ್ ಡಬ್ಬ ಹೊತ್ತು ದಿನ ಕಳೆದವರು. ಅಮ್ಮ ಮನೆಯಲ್ಲೇ ಬ್ಲೌಸ್ ಹೊಲೀತಾರೆ, ಮಿಷನ್ ಮುಂದೆ ಕೂತರೆ ಮೂರು ಗಂಟೆ ಏಳಲ್ಲ. ಇದರಲ್ಲಿ ಯಾರು ತಿಂದದ್ದು ಎಲ್ಲಿಗೆ ಹೋಯಿತು ಅನ್ನೋದು ಅಷ್ಟು ದೊಡ್ಡ ಒಗಟೇನಲ್ಲ.

ಸಣ್ಣಗಿರೋರು ಸೇಫ್ ಅಂತ ಯಾರು ಹೇಳಿದ್ದು?

ಈ ಲೇಖನ ಬರೆಯೋಕೆ ನಿಜವಾದ ಕಾರಣ ಇದು.

ಎರಡು ವರ್ಷದ ಹಿಂದೆ ಅಪ್ಪನಿಗೆ ಮಂಡಿ ನೋವು ಬಂತು. ಮಾಲೀಕರು ಏಣಿ ಕೆಲಸ ಬಿಡಿಸಿ ಕ್ಯಾಶ್ ಕೌಂಟರಿನಲ್ಲಿ ಕೂರಿಸಿದರು. ಚಕ್ಕುಲಿ ಮಾತ್ರ ನಿಲ್ಲಲಿಲ್ಲ. ತೂಕದ ಮಿಷನ್ ಈಗಲೂ 62 ಅಂತಾನೇ ತೋರಿಸ್ತಿತ್ತು. ಆದರೆ ಬೆಲ್ಟು ಎರಡು ತೂತು ಹಿಂದಕ್ಕೆ ಹೋಗಿತ್ತು. ಒಂದು ಭಾನುವಾರ ಅಮ್ಮ ತಮಾಷೆಗೆ ಹೊಲಿಗೆ ಟೇಪ್ ತಂದು ಅಪ್ಪನ ಹೊಟ್ಟೆ ಸುತ್ತಳತೆ ತಗೊಂಡರು. 37 ಇಂಚು. ಆಮೇಲೆ ಒತ್ತಾಯ ಮಾಡಿ ಇಬ್ಬರಿಗೂ ಖಾಲಿ ಹೊಟ್ಟೆ ಸಕ್ಕರೆ ಟೆಸ್ಟ್ ಮಾಡಿಸಿದೆ. ಅಮ್ಮನದು 96. ಅಪ್ಪನದು 118.

ಖಾಲಿ ಹೊಟ್ಟೆಯಲ್ಲಿ 100ರಿಂದ 125ರ ಒಳಗಿದ್ದರೆ ಅದು ಸಕ್ಕರೆ ಕಾಯಿಲೆಯ ಹೊಸ್ತಿಲು. 126 ಮತ್ತು ಮೇಲೆ ಬಂದು, ಮತ್ತೊಮ್ಮೆ ನೋಡಿದಾಗಲೂ ಹಾಗೇ ಇದ್ದರೆ ಕಾಯಿಲೆ. ಕಡ್ಡಿ ಪೈಲ್ವಾನ್ ಹೊಸ್ತಿಲ ಮೇಲೆ ನಿಂತಿದ್ದರು, ನಾವೆಲ್ಲ ಅಮ್ಮನ ಬಗ್ಗೆ ಹೆದರ್ಕೊಂಡಿದ್ವಿ.

ನಮ್ಮ ದೇಶದಲ್ಲಿ ಇದು ಹೊಸದಲ್ಲ. 2004ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ಡಾಕ್ಟರುಗಳ ಫೋಟೋ ಅಕ್ಕಪಕ್ಕ ಬಂದಿತ್ತು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಒಂದೇ, 22.3. ಮೈಯಲ್ಲಿರೋ ಕೊಬ್ಬು ನೋಡಿದರೆ ಲಂಡನ್ನವರದ್ದು ಶೇ 9.1, ನಮ್ಮವರದ್ದು ಶೇ 21.2. ನೋಡೋಕೆ ಸಣ್ಣ, ಒಳಗೆ ಕೊಬ್ಬು. ಅದರಲ್ಲೂ ಹೊಟ್ಟೆ ಸುತ್ತ ಸೇರೋ ಕೊಬ್ಬು ಸಕ್ಕರೆಗೂ ಹೃದಯಕ್ಕೂ ಹೆಚ್ಚು ಅಪಾಯ.

2023ರಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ ಪ್ರಕಾರ ದೇಶದಲ್ಲಿ 10.1 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ, 13.6 ಕೋಟಿ ಜನ ಹೊಸ್ತಿಲಲ್ಲಿ. ಅದೇ ಸಮೀಕ್ಷೆಯಲ್ಲಿ ತೂಕದ ಲೆಕ್ಕದಲ್ಲಿ ಬೊಜ್ಜು ಇರೋರು ಶೇ 28.6, ಹೊಟ್ಟೆ ಅಳತೆ ಲೆಕ್ಕದಲ್ಲಿ ಶೇ 39.5. ತೂಕದ ಮಿಷನ್ ನಂಬಿ ಕೂತರೆ ಎಷ್ಟೊಂದು ಜನ ಲೆಕ್ಕಕ್ಕೇ ಸಿಗಲ್ಲ ನೋಡಿ.

ಅದಕ್ಕೆ ಮನೆಯಲ್ಲಿ ತೂಕದ ಜೊತೆ ಟೇಪ್ ಕೂಡ ಬಳಸಿ. ಪಕ್ಕೆಲುಬಿನ ಕೆಳತುದಿ ಮತ್ತು ಸೊಂಟದ ಮೂಳೆಯ ಮೇಲ್ತುದಿ, ಇವೆರಡರ ಮಧ್ಯಕ್ಕೆ ಟೇಪ್ ಸುತ್ತಿ, ಸಹಜವಾಗಿ ಉಸಿರು ಬಿಟ್ಟ ಮೇಲೆ ಓದಬೇಕು. ಹೊಟ್ಟೆ ಒಳಗೆ ಎಳ್ಕೊಳ್ಳೋ ಹಾಗಿಲ್ಲ (ಅಪ್ಪ ಎಳ್ಕೊಂಡಿದ್ದರು). ಭಾರತೀಯ ಗಂಡಸರಿಗೆ 90 ಸೆಂ.ಮೀ., ಅಂದರೆ ಸುಮಾರು 35 ಅರ್ಧ ಇಂಚು. ಹೆಂಗಸರಿಗೆ 80 ಸೆಂ.ಮೀ., ಸುಮಾರು 31 ಅರ್ಧ ಇಂಚು. ಇದು ದಾಟಿದರೆ ತೂಕ ಎಷ್ಟೇ ಇರಲಿ, ಟೆಸ್ಟ್ ಮಾಡಿಸಿ.

ಇನ್ನೊಂದು ಮಾತು. ಚೆನ್ನಾಗಿ ತಿಂದೂ ತೂಕ ಇಳೀತಾ ಇದ್ದರೆ, ಜೊತೆಗೆ ಬಾಯಾರಿಕೆ, ರಾತ್ರಿ ಪದೇ ಪದೇ ಮೂತ್ರ, ಎದೆ ಡವಡವ, ಕೈ ನಡುಕ, ಬಿಡದ ಕೆಮ್ಮು ಇದ್ದರೆ ಅದನ್ನ "ಮೈಗೆ ಹತ್ತಲ್ಲ" ಅಂತ ಬಿಡಬೇಡಿ. ಸಕ್ಕರೆ, ಥೈರಾಯ್ಡ್, ಟಿಬಿ ಯಾವುದಾದರೂ ಇರಬಹುದು. ಅದೇ ರೀತಿ ಊಟ ಬದಲಾಗದೇ ತೂಕ ಏರ್ತಾ ಇರೋರೂ ಥೈರಾಯ್ಡ್ ನೋಡಿಸಬೇಕು. ಹರೆಯದ ಹೆಣ್ಣುಮಕ್ಕಳಾದರೆ ಮುಟ್ಟು ಏರುಪೇರು ಆಗ್ತಿದೆಯಾ ಅಂತಾನೂ ಡಾಕ್ಟರಿಗೆ ಹೇಳಬೇಕು. ಕೆಲವು ಮಾತ್ರೆಗಳಿಂದಲೂ ತೂಕ ಬರುತ್ತೆ.

ಒಂದೇ ಒಲೆ, ಒಂದೇ ಸಾರು

ಅಮ್ಮನ ಪಥ್ಯ ಮುರಿದು ಬೀಳ್ತಿದ್ದದ್ದು ಯಾವಾಗಲೂ ಒಂದೇ ಜಾಗದಲ್ಲಿ. ಏಳು ಗಂಟೆಗೆ ಒಬ್ಬರೇ ಓಟ್ಸ್ ಕುಡಿಯೋದು, ಒಂಬತ್ತೂವರೆಗೆ ಅಪ್ಪನಿಗೆ ಬಡಿಸೋಕೆ ನಿಲ್ಲೋದು. ಹುಳಿ ಘಮ, ಹಪ್ಪಳದ ಸದ್ದು. ಯಾರು ತಡ್ಕೋತಾರೆ?

ಡಾಕ್ಟರು ಹೇಳಿದ ಮೇಲೆ ಬೇರೆ ಅಡುಗೆ ನಿಂತಿತು. ಇಬ್ಬರಿಗೂ ಅದೇ ಮುದ್ದೆ, ಅದೇ ಬಸ್ಸಾರು, ಅದೇ ಪಲ್ಯ. ಬದಲಾಗಿದ್ದು ತಟ್ಟೆಯಲ್ಲಿ ಯಾವುದು ಎಷ್ಟು ಜಾಗ ಹಿಡಿಯುತ್ತೆ ಅನ್ನೋದು. ಎನ್‌ಐಎನ್ 2024ರ ಮೇ ತಿಂಗಳಲ್ಲಿ ಬಿಡುಗಡೆ ಮಾಡಿದ ಆಹಾರ ಮಾರ್ಗಸೂಚಿಯಲ್ಲೂ ಹೇಳೋದು ಇದೇ, ಅರ್ಧದಷ್ಟು ತರಕಾರಿ ಮತ್ತು ಹಣ್ಣು ಇರಲಿ. 2000 ಕ್ಯಾಲರಿಯ ದಿನಕ್ಕೆ ತರಕಾರಿ 400 ಗ್ರಾಂ, ಬೇಳೆಕಾಳು 85 ಗ್ರಾಂ, ಅಕ್ಕಿ-ರಾಗಿ-ಗೋಧಿ ಎಲ್ಲಾ ಸೇರಿ 250 ಗ್ರಾಂ (ಬೇಯಿಸೋ ಮುಂಚಿನ ತೂಕ). ನಮ್ಮ ಮನೆಯಲ್ಲಿ ಅಳೆದು ನೋಡಿದಾಗ ಅಕ್ಕಿ ಲೆಕ್ಕಕ್ಕಿಂತ ಜಾಸ್ತಿ, ತರಕಾರಿ ಅರ್ಧಕ್ಕರ್ಧ ಕಡಿಮೆ ಇತ್ತು.

400 ಗ್ರಾಂ ಅಂದರೆ ಗಾಬರಿ ಬೇಡ. ಹಾಪ್‌ಕಾಮ್ಸ್ ಮಳಿಗೆಯಲ್ಲೋ ತಳ್ಳುಗಾಡಿಯಲ್ಲೋ ಒಂದು ಸೌತೆಕಾಯಿ, ಒಂದು ಹಿಡಿ ಹುರುಳಿಕಾಯಿ, ಒಂದು ಕಟ್ಟು ಸೊಪ್ಪಿನಲ್ಲಿ ಪಾಲು ತಗೊಂಡರೆ ಹತ್ತಿರ ಬಂತು. ರಾಮನವಮಿಗೆ ಮಾತ್ರ ನೆನಪಾಗೋ ಹೆಸರುಬೇಳೆ ಕೋಸಂಬರಿ ವಾರಕ್ಕೆ ಮೂರು ಸಲ ಮಾಡಿದರೆ ಯಾವ ದೇವರೂ ಬೇಡ ಅನ್ನಲ್ಲ.

ಸಣ್ಣಗಿರೋರು ಹೆಚ್ಚು ಬೇಕಿದ್ದರೆ ಎರಡನೇ ಸಲ ಬಡಿಸ್ಕೊಳ್ಳಲಿ. ಆದರೆ ಪಾತ್ರೆಗಳು ಒಲೆ ಹತ್ತಿರಾನೇ ಇರಲಿ, ಊಟಕ್ಕೆ ಕೂತ ಜಾಗಕ್ಕೆ ತರಬೇಡಿ. ಎದ್ದು ಹೋಗಿ ಹಾಕ್ಕೋಬೇಕು ಅಂದಾಗ ಹಸಿವು ಎಷ್ಟು, ಆಸೆ ಎಷ್ಟು ಅನ್ನೋದು ಗೊತ್ತಾಗಿಬಿಡುತ್ತೆ.

ಡಬ್ಬ ಎಲ್ಲಿದೆ?

ಜಗಳ ಎಲ್ಲಾ ಇಲ್ಲೇ. ಅಪ್ಪನ ಕುರುಕಲು ತಿಂಡಿ ಮೊದಲು ಟಿವಿ ಸ್ಟ್ಯಾಂಡ್ ಮೇಲೆ ಪ್ಲಾಸ್ಟಿಕ್ ಬಾಟಲಿಯಲ್ಲಿ ಇರ್ತಿತ್ತು, ಒಳಗಿದ್ದದ್ದು ಕಾಣ್ತಿತ್ತು. ಹೊಲಿಗೆ ಮಿಷನ್ನಿಂದ ಮೂರು ಹೆಜ್ಜೆ. ಅಮ್ಮ ಸೂಜಿಗೆ ದಾರ ಪೋಣಿಸೋಕೆ ತಲೆ ಎತ್ತಿದಾಗೆಲ್ಲಾ ಕಣ್ಣಿಗೆ ಬೀಳ್ತಿತ್ತು.

ಈಗ ಅದು ಅಪ್ಪನ ಬಟ್ಟೆ ಬೀರುವಿನಲ್ಲಿದೆ. ಸ್ಟೀಲ್ ಡಬ್ಬ, ಮೇಲಿನ ಅರೆ. ಕೇಳೋಕೆ ವಿಚಿತ್ರ, ಷರ್ಟು ಸ್ವಲ್ಪ ದಿನ ಇಂಗಿನ ವಾಸನೆ ಹೊಡೀತಿತ್ತು. ಆದರೆ ನಿಯಮ ಸರಳ: ಬೇಕಾದವರು ತಾವೇ ಎದ್ದು, ಒಂದು ಸಣ್ಣ ಬಟ್ಟಲಿಗೆ ಹಾಕ್ಕೊಂಡು, ಡಬ್ಬ ಮುಚ್ಚಿಟ್ಟು ಬಂದು ತಿನ್ನಬೇಕು. ಡಬ್ಬದಿಂದ, ಕವರಿನಿಂದ ನೇರ ಬಾಯಿಗಿಲ್ಲ. ನಮ್ಮ ಸಾರು ಬಟ್ಟಲಿಗೆ ಮಿಕ್ಸ್ಚರ್ ಹಾಕಿ ಅಮ್ಮ ತೂಗಿದರು, ತುಂಬಾ ಹಾಕಿದರೆ 50 ಗ್ರಾಂ. ಅಂದರೆ 250 ಕ್ಯಾಲರಿ, ಅಂದಾಜು ನಾಲ್ಕು ಇಡ್ಲಿ. ಅರ್ಧ ಗಂಟೆ ನಡೆದರೆ ಅದರಲ್ಲಿ ಅರ್ಧ ಕರಗುತ್ತೆ ಅಷ್ಟೆ.

ತರೋದು ವಾರಕ್ಕೆ ಒಂದು ಸಲ, ಶನಿವಾರ. ಇಲ್ಲಿ ನಮ್ಮ ಏರಿಯಾದವರಿಗೆ ಒಂದು ಅನುಕೂಲ ಇದೆ, ನಾವದನ್ನ ಬಳಸ್ಕೊಳ್ಳಲ್ಲ. ಮೊಬೈಲ್ ಆ್ಯಪ್‌ನಲ್ಲಿ ಆರ್ಡರ್ ಮಾಡಿದರೆ ಕಂಪನಿ ಕಟ್ಟಿದಷ್ಟೇ ದೊಡ್ಡ ಪ್ಯಾಕೆಟ್, ಒಂದಕ್ಕೆ ಒಂದು ಫ್ರೀ. ಕಾಂಡಿಮೆಂಟ್ಸ್ ಅಂಗಡಿಯಲ್ಲಿ ತಕ್ಕಡಿ ಇದೆ. "ನೂರು ಗ್ರಾಂ ಕೊಡಿ ಅಣ್ಣ" ಅಂದರೆ ನೂರೇ ಗ್ರಾಂ ಕೊಡ್ತಾರೆ. ಕಾಲು ಕೆ.ಜಿ. ಅನ್ನೋದು ನಮ್ಮ ಬಾಯಿ ಅಭ್ಯಾಸ.

ಸಂಜೆ ನಾಲ್ಕರಿಂದ ಏಳು

ಪಥ್ಯ ಮಾಡೋರು ಈ ಹೊತ್ತಿನಲ್ಲಿ ಏನೂ ತಿನ್ನಬಾರದು ಅಂತ ಹಠ ಹಿಡೀತಾರೆ. ನನ್ನ ಪ್ರಕಾರ ಅದೇ ತಪ್ಪು. ಒಬ್ಬರು ಕಟುಂ ಕಟುಂ ಅಂತ ತಿಂತಾ ಇದ್ದಾಗ ಇನ್ನೊಬ್ಬರ ಕೈ ಖಾಲಿ ಇರಬಾರದು. ನಿಮ್ಮದೇ ಒಂದು ಬಟ್ಟಲು ಇರಲಿ: ಕಡಲೆಕಾಳು ಉಸಲಿ, ಹೆಸರುಕಾಳು ಉಸಲಿ, ಸೀಬೆಕಾಯಿಗೆ ಉಪ್ಪು ಖಾರ, ಮಜ್ಜಿಗೆ. ಪುರಿ ಹಗುರ, 25 ಗ್ರಾಂ ಪುರಿಗೆ ಸುಮಾರು 100 ಕ್ಯಾಲರಿ, ಈರುಳ್ಳಿ ಟೊಮೆಟೊ ಕ್ಯಾರೆಟ್ ತುರಿ ಬೆರೆಸಿದರೆ ದೊಡ್ಡ ಬಟ್ಟಲು ತುಂಬುತ್ತೆ. ಮೇಲೆ ಕಾಂಗ್ರೆಸ್ ಕಡಲೆಬೀಜ ಸುರಿದರೆ ಲೆಕ್ಕ ಬೇರೆ.

ಕಡಲೆಕಾಯಿ ಬಗ್ಗೆ ಬಸವನಗುಡಿ ಕಡೆಯವರಿಗೆ ಯಾರೂ ಪಾಠ ಹೇಳಬೇಕಿಲ್ಲ, ಕಾರ್ತಿಕದ ಕೊನೇ ಸೋಮವಾರ ಪರಿಷೆಯನ್ನೇ ಮಾಡೋ ಊರು. ಒಳ್ಳೇ ಪದಾರ್ಥ, ಆದರೆ ಹುರಿದ ಬೀಜ 100 ಗ್ರಾಂಗೆ 570 ಕ್ಯಾಲರಿಗೂ ಮೇಲೆ. ಸಿಪ್ಪೆ ಸಮೇತ ಬೇಯಿಸಿದ್ದು ತಗೊಳ್ಳಿ. ಒಂದೊಂದೇ ಬಿಡಿಸಿ ತಿನ್ನೋಷ್ಟರಲ್ಲಿ ಕೈ ನೋಯುತ್ತೆ, ಹೊಟ್ಟೆಗೂ ಸುದ್ದಿ ಮುಟ್ಟುತ್ತೆ.

ಕಾಫಿಗೆ ಒಂದು ಚಮಚ ಸಕ್ಕರೆ 20 ಕ್ಯಾಲರಿ. ಕಡಿಮೆ ಅನ್ನಿಸುತ್ತೆ. ದಿನಕ್ಕೆ ನಾಲ್ಕು ಲೋಟ, ಲೋಟಕ್ಕೆ ಎರಡು ಚಮಚ ಹಾಕೋರು ಗುಣಿಸ್ಕೊಳ್ಳಿ.

ಹಬ್ಬ ಬಿಟ್ಟುಬಿಡಿ. ಗೋಕುಲಾಷ್ಟಮಿ ಚಕ್ಕುಲಿ, ಗೌರಿ-ಗಣೇಶದ ಕಡುಬು, ಸಂಕ್ರಾಂತಿ ಎಳ್ಳು-ಬೆಲ್ಲ, ಜನವರಿಯ ಅವರೆಕಾಳು ಸೀಸನ್, ಅವತ್ತು ತಿನ್ನಿ. ತೊಂದರೆ ಅವತ್ತಿಂದಲ್ಲ, ಹಬ್ಬ ಮುಗಿದು ಹತ್ತು ದಿನ ಡಬ್ಬದಲ್ಲಿ ಉಳಿಯೋದರಿಂದ.

ಬಾಯಿಮಾತಿನ ಪಥ್ಯ

ಅಪ್ಪ ಕೆಟ್ಟವರಲ್ಲ. ಪ್ರೀತಿಯಿಂದಲೇ "ಒಂದು ತಿಂದ್ರೆ ಏನಾಗಲ್ಲ, ತಗೊಳ್ಳೇ" ಅಂತಿದ್ದರು. ಅಮ್ಮ "ನಿಮ್ಗೇನ್ರೀ, ನಿಮ್ಗೆ ಹತ್ತಲ್ಲ" ಅಂತ ಸಿಡುಕ್ತಾ ತಗೋತಿದ್ದರು. ಇಪ್ಪತ್ತೈದು ವರ್ಷದ ಸಂಭಾಷಣೆ ಇದು. ಸಣ್ಣಗಿರೋರಿಗೆ ಇರೋ ದೊಡ್ಡ ಕೆಲಸ ಎರಡೇ: ಕೇಳದೇ ಕೊಡಬೇಡಿ, ತಿಂದಾಗ ಟೀಕೆ ಮಾಡಬೇಡಿ. "ಡಯಟ್ ಅಂತಿದ್ದೆ?" ಅನ್ನೋ ಒಂದು ಮಾತಿಗೆ ಕದ್ದು ತಿನ್ನೋ ಅಭ್ಯಾಸ ಶುರುವಾಗುತ್ತೆ.

ದಂಪತಿಗಳ ಮೈ ಜೊತೆಜೊತೆಗೆ ಬದಲಾಗುತ್ತೆ ಅನ್ನೋದಕ್ಕೆ ಪುರಾವೆ ಇದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ ಶುರುವಾದ ಅಧ್ಯಯನದ 12,067 ಜನರ 32 ವರ್ಷದ ದಾಖಲೆ ನೋಡಿದ ಕ್ರಿಸ್ಟಾಕಿಸ್ ಮತ್ತು ಫೌಲರ್ 2007ರಲ್ಲಿ ಬರೆದ ಪ್ರಕಾರ, ಗಂಡ-ಹೆಂಡತಿಯಲ್ಲಿ ಒಬ್ಬರಿಗೆ ಬೊಜ್ಜು ಬಂದರೆ ಇನ್ನೊಬ್ಬರಿಗೆ ಬರೋ ಸಾಧ್ಯತೆ ಶೇ 37 ಹೆಚ್ಚಿತ್ತು. ಡಬ್ಬ ಒಂದೇ, ಸೋಫಾ ಒಂದೇ ಆದಾಗ ಇನ್ನೇನು.

ಊಟ ಆದ ಮೇಲೆ ಇಬ್ಬರೂ ಹದಿನೈದು ನಿಮಿಷ ನಡೆಯೋದು ಈಗ ನಮ್ಮ ಮನೆಯಲ್ಲಿ ಅಭ್ಯಾಸ ಆಗಿದೆ. ಸಕ್ಕರೆ ಹೊಸ್ತಿಲಲ್ಲಿರೋರಿಗೆ ಊಟದ ನಂತರದ ನಡಿಗೆ ವಿಶೇಷವಾಗಿ ಒಳ್ಳೇದು. ಬೆಳಿಗ್ಗೆ ಹೋಗೋರಿಗೆ ಯಡಿಯೂರು ಕೆರೆ, ಜೆ.ಪಿ. ನಗರದ ಮಿನಿ ಫಾರೆಸ್ಟ್, ಸಾರಕ್ಕಿ ಕೆರೆ, ಬಿಟಿಎಂ ಕಡೆಯವರಿಗೆ ಮಡಿವಾಳ ಕೆರೆ ಇದೆ. ನಡೆದು ವಾಪಸ್ ಬರ್ತಾ ಬೇಕರಿ ಮುಂದೆ ನಿಲ್ಲೋರನ್ನ ನಾನು ದಿನಾ ನೋಡ್ತೀನಿ, ಹೆಸರು ಹೇಳಲ್ಲ.

ಅಂಗಡಿಯವರಿಗೆ

ಗಿರಾಕಿ ಕಡಿಮೆ ತಿಂದರೆ ವ್ಯಾಪಾರ ಹೋಗುತ್ತೆ ಅಂತ ಹೆದರಬೇಡಿ. 50, 100 ಗ್ರಾಂ ಪೊಟ್ಟಣ ಕಟ್ಟಿಟ್ಟರೆ ಹೊಸ ಗಿರಾಕಿ ಸಿಗ್ತಾರೆ. ಹುರಿಗಡಲೆ, ಹುರಿದ ಕಡಲೆಕಾಯಿ, ಪುರಿ ಹಿಂದಿನ ಸಾಲಿನಲ್ಲಿ ಇಡೋ ಬದಲು ಕಣ್ಣೆದುರು ಇಡಿ. ಬಿಡಿಯಾಗಿ ಮಾರೋ ತಿಂಡಿಗೆ ಪ್ಯಾಕೆಟ್ ತರ ಲೇಬಲ್ ಇರಲ್ಲ, ಯಾವ ಎಣ್ಣೆ, ಯಾವಾಗ ಕರಿದದ್ದು ಅಂತ ಕೇಳಿದರೆ ಬೇಜಾರಿಲ್ಲದೇ ಹೇಳಿ. ಕರಿದ ಎಣ್ಣೆಯಲ್ಲಿ 'ಟೋಟಲ್ ಪೋಲಾರ್ ಕಾಂಪೌಂಡ್ಸ್' ಅನ್ನೋ ಅಂಶ ಶೇ 25 ದಾಟಿದರೆ ಆ ಎಣ್ಣೆ ಬಳಸಬಾರದು ಅನ್ನೋ ನಿಯಮ 2018ರ ಜುಲೈಯಿಂದ ಜಾರಿಯಲ್ಲಿದೆ.

ಹಾಗೇ ನಿಮ್ಮ ಹೊಟ್ಟೇನೂ ನೋಡ್ಕೊಳ್ಳಿ. ದಿನಕ್ಕೆ ಹನ್ನೆರಡು ಗಂಟೆ ಗಲ್ಲಾದಲ್ಲಿ ಕೂತು, ಬೋಣಿಯಿಂದ ಬಾಗಿಲು ಹಾಕೋವರೆಗೂ ರುಚಿ ನೋಡ್ತಾ ಇರೋರು ನೀವು. ನಮ್ಮಪ್ಪನಿಗೆ ಆಗಿದ್ದೂ ಅದೇ ಕುರ್ಚಿಯಿಂದ.

ಟೆಸ್ಟ್ ಎಲ್ಲಿ?

30 ವರ್ಷ ದಾಟಿದ ಎಲ್ಲರಿಗೂ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ನಮ್ಮ ಕ್ಲಿನಿಕ್‌ಗಳಲ್ಲಿ ಬಿಪಿ, ಸಕ್ಕರೆ ತಪಾಸಣೆ ಉಚಿತ. ನಿಮ್ಮ ವಾರ್ಡಿನ ಕ್ಲಿನಿಕ್ ಗೊತ್ತಿಲ್ಲದಿದ್ದರೆ ಆಶಾ ಕಾರ್ಯಕರ್ತೆಯನ್ನ ಕೇಳಿ. ಅದಕ್ಕಿಂತ ಹೆಚ್ಚಿನ ಪರೀಕ್ಷೆ ಬೇಕಾದರೆ ಜಯನಗರ ಜನರಲ್ ಆಸ್ಪತ್ರೆ ಇದೆ. ಮೂರು ತಿಂಗಳ ಸರಾಸರಿ ತೋರಿಸೋ ಎಚ್‌ಬಿಎ1ಸಿ ಟೆಸ್ಟಿನಲ್ಲಿ 5.7ರಿಂದ 6.4 ಬಂದರೆ ಹೊಸ್ತಿಲು, 6.5 ಮತ್ತು ಮೇಲೆ ಕಾಯಿಲೆ.

ದಪ್ಪ ಇರೋರು ಒಬ್ಬರೇ ಹೋಗಬೇಡಿ, ಇಬ್ಬರೂ ಒಟ್ಟಿಗೆ ಹೋಗಿ. ಆರು ತಿಂಗಳಲ್ಲಿ ಅಮ್ಮ ಇಳಿಸಿದ್ದು ಎರಡೂವರೆ ಕೆ.ಜಿ. ಮಾತ್ರ, ಆದರೆ ಹದಿನಾರನೇ ದಿನದ ಡಬ್ಬ ದಾಳಿ ನಿಂತಿದೆ. ಅಪ್ಪನ ಸಕ್ಕರೆ 118ರಿಂದ 107ಕ್ಕೆ ಬಂದಿದೆ, ಇನ್ನೂ ಹೊಸ್ತಿಲಲ್ಲೇ ಇದ್ದಾರೆ.

ಖಾಲಿ ಹೊಟ್ಟೆ ಟೆಸ್ಟಿಗೆ ಎಂಟು ಗಂಟೆ ನೀರು ಬಿಟ್ಟು ಏನೂ ತಗೊಂಡಿರಬಾರದು. ಕಾಫಿನೂ ಲೆಕ್ಕಕ್ಕೆ ಬರುತ್ತೆ. ಅಪ್ಪ ಮೊದಲ ದಿನ "ಬರೀ ಕಾಫಿ ತಾನೇ" ಅಂತ ಕುಡಿದೇ ಹೋಗಿ, ಸಾಲಿನಲ್ಲಿ ಮುಕ್ಕಾಲು ಗಂಟೆ ನಿಂತು, ವಾಪಸ್ ಬಂದಿದ್ದರು.